ದಿನವೂ ಶನಿವಾರ

ಆವತಿಯ ಪಕ್ಕದ ಆ ಸಣ್ಣ ಹಳ್ಳಿಯಲ್ಲಿ ಯಾರ ಮನೆಯ ಹಸು ಹಾಲು ಬಿಗಿಹಿಡಿದರೂ, ಯಾರ ಕಣಜಕ್ಕೆ ಹೆಗ್ಗಣ ತೂತು ಕೊರೆದರೂ ಮೊದಲು ಬರುತ್ತಿದ್ದ ಮಾತು ಒಂದೇ: "ಮುನಿತಾಯಮ್ಮನ್ನ ಒಂದ್ಸಲ ಕೇಳಿನೋಡ್ರಿ." ಕೇಳುವುದಕ್ಕೆ ಮುಂಚೆಯೇ ಮುನಿತಾಯಮ್ಮ ಹೇಳಿ ಮುಗಿಸಿರುತ್ತಿದ್ದಳು, ಅದು ಬೇರೆ ಮಾತು. ಅವಳ ಉಪಾಯಗಳಲ್ಲಿ ಅರ್ಧ ಫಲಿಸುತ್ತಿದ್ದವು. ಫಲಿಸದೆ ಹೋದವನ್ನು ಊರು ಮರೆಯುತ್ತಿತ್ತು. ಎಲ್ಲರಿಗಿಂತ ಮೊದಲು ಮರೆಯುತ್ತಿದ್ದವಳು ಅವಳೇ.

ಒಂದನ್ನು ಮಾತ್ರ ಮರೆಯಲಿಲ್ಲ. ವಯಸ್ಸಾಗಿ ಕೋಲು ಹಿಡಿದು ಜಗಲಿಯ ಮೇಲೆ ಕೂರುವ ಕಾಲ ಬಂದಾಗಲೂ, ಯಾರಾದರೂ "ನೀವು ಬಲು ಬುದ್ಧಿವಂತರು ಕಣಮ್ಮ" ಎಂದರೆ ಸಾಕು, ಬೊಚ್ಚುಬಾಯಿ ತುಂಬ ನಕ್ಕು ಹೇಳುತ್ತಿದ್ದಳು: "ಹೌದು ತಾಯಿ. ಒಂಚೂರು ದಡ್ಡಿ ಆಗಿದ್ದಿದ್ರೆ ನಮ್ಮತ್ತೆ ಇನ್ನಷ್ಟು ದಿನ ನನ್ನ ಗುರ್ತು ಹಿಡೀತಿದ್ಲು. ಏನ್ ಮಾಡ್ಲಿ, ಆಗ್ಲೇ ಬುದ್ಧಿವಂತೆ ಆಗ್ಬಿಟ್ಟಿದ್ದೆ."

ಮುನಿತಾಯಮ್ಮ ಹುಟ್ಟಿದ್ದು ತ್ಯಾಮಗೊಂಡ್ಲು ಕಡೆಯ ತೆಂಗಿನ ತೋಟದ ಮನೆಯಲ್ಲಿ. ಅಲ್ಲಿ ಬಾವಿಗೆ ಬಗ್ಗಿದರೆ ನಿಮ್ಮ ಮುಖ ನಿಮಗೆ ಕಾಣುತ್ತಿತ್ತು. ಮದುವೆಯಾಗಿ ಬಂದ ಆವತಿ ಸೀಮೆಯಲ್ಲಿ ಬಾವಿಗೆ ಬಗ್ಗಿದರೆ ಕತ್ತಲು ಮಾತ್ರ ಕಾಣುತ್ತಿತ್ತು; ಹಗ್ಗ ಬಿಟ್ಟಷ್ಟೂ ಬೇಕು. ಮೊದಲ ದಿನ ಆ ಹಗ್ಗ ಸೇದಿ ಅಂಗೈ ಕಿತ್ತುಬಂದಾಗ, ಅತ್ತೆ ಅಮ್ಮಯಮ್ಮ ಹರಳೆಣ್ಣೆ ಸವರುತ್ತಾ, "ಇಲ್ಲಿ ನೀರು ಆಳ, ಜನ ಹಂಗಲ್ಲ, ಹೆದರ್ಕೋಬೇಡ" ಎಂದಳು. ಅಂದಿನಿಂದ ಅತ್ತೆ ಸೊಸೆಯರು ಜಗಳವಾಡಲಿಲ್ಲ ಎಂದರೆ ಸುಳ್ಳು. ದಿನಾ ಆಡಿದರು, ದಿನಾ ಒಟ್ಟಿಗೆ ಉಂಡರು. ಎರಡು ಕೂಸು ಹುಟ್ಟಿ ಹುಟ್ಟಿ ಹೋದಾಗ ಮುನಿತಾಯಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳು ಅಮ್ಮಯಮ್ಮ. ಕೊನೆಗೆ ಉಳಿದ ಒಬ್ಬ ಮಗಳನ್ನು ಚನ್ನರಾಯಪಟ್ಟಣದ ಕಡೆ ಮದುವೆ ಮಾಡಿ ಕೊಟ್ಟ ಮೇಲೆ ಮನೆಯಲ್ಲಿ ಉಳಿದವರು ಮೂವರೇ: ಅತ್ತೆ, ಸೊಸೆ, ಮತ್ತು ಇಬ್ಬರ ನಡುವೆ ಬಾಯಿ ತೆರೆಯದ ಗಂಡ ಆವಲಪ್ಪ.

ಅಮ್ಮಯಮ್ಮನಿಗೆ ಸೊಸೆಯ ಗುರುತು ಹಿಡಿಯಲು ಮುಖ ಕಾಣಲೇಬೇಕೆಂದಿರಲಿಲ್ಲ. ಹೊಲದ ಬದುವಿನ ಮೇಲೆ ಕಾಲಿನ ಸದ್ದಾದರೆ ಸಾಕು, ಬೆನ್ನು ತಿರುಗಿಸಿಕೊಂಡೇ "ಏನೇ ಮುನಿತಾಯಿ, ಇಷ್ಟೊತ್ತಾ?" ಎನ್ನುತ್ತಿದ್ದಳು.

ಯುದ್ಧದ ಕಾಲ ಬಂತು. ಸೀಮೆಎಣ್ಣೆಗೆ ಸರದಿ, ಸಕ್ಕರೆಗೆ ಚೀಟಿ. ಅದೇ ಸುಮಾರಿಗೆ ಅಮ್ಮಯಮ್ಮನಿಗೆ ಮರೆವೂ ಬಂತು. ಮೊದಮೊದಲು ಸಾರಿಗೆ ಎರಡು ಸಲ ಉಪ್ಪು ಬಿತ್ತು. ಆಮೇಲೆ ಒಂದು ಸಲವೂ ಬೀಳದೆ ಹೋಯಿತು. "ಅರವತ್ತಕ್ಕೆ ಅರಳು ಮರಳು ಅಂತಾರೆ, ನಮ್ಮವ್ವಂಗೆ ಎಪ್ಪತ್ತಕ್ಕೆ ಬಂತು, ನಿಧಾನವಾಗೇ ಬಂದಿದೆ ಬಿಡು" ಎಂದ ಆವಲಪ್ಪ. ಅಷ್ಟಕ್ಕೆ ಯಾರೂ ಹೆದರಲಿಲ್ಲ. ತೊಂದರೆ ಆದದ್ದು ಬಯಲಿನಿಂದ.

ಆ ಕಾಲದಲ್ಲಿ ಒಂದಕ್ಕೂ ಎರಡಕ್ಕೂ ಎಲ್ಲರೂ ಬಯಲಿಗೇ ಹೋಗಬೇಕಿತ್ತು. ಅಮ್ಮಯಮ್ಮ ಹೋಗುತ್ತಿದ್ದಳು; ಹಿಂದಿರುಗುವ ದಾರಿ ಸಿಗುತ್ತಿರಲಿಲ್ಲ. ಒಂದು ದಿನ ಯಾರದೋ ಹುರುಳಿ ಹೊಲದಲ್ಲಿ ಕೂತಿದ್ದಳು. ಇನ್ನೊಂದು ದಿನ ಪಕ್ಕದ ಊರಿನ ಮನೆಯೊಂದಕ್ಕೆ ನುಗ್ಗಿ, "ಒಲೆ ಯಾಕೆ ಹಚ್ಚಿಲ್ಲ?" ಎಂದು ಅಲ್ಲಿಯ ಹೆಂಗಸನ್ನು ಗದರಿಸಿದ್ದಳು. ಆ ಹೆಂಗಸು ಹೆದರಿ ಒಲೆ ಹಚ್ಚಿಯೂ ಬಿಟ್ಟಿದ್ದಳಂತೆ.

ಮುನಿತಾಯಮ್ಮನ ತಲೆ ಓಡಿತು. ಕರುವಿನ ಕೊರಳ ಗಂಟೆಯೊಂದನ್ನು ಬಿಚ್ಚಿ ಅತ್ತೆಯ ಸೆರಗಿನ ತುದಿಗೆ ಕಟ್ಟಿದಳು. ಸದ್ದು ಹೊರಗೆ ಹೋದರೆ ಅತ್ತೆ ಹೊರಗೆ ಹೋದಳೆಂದು ಅರ್ಥ. ಎಂಥ ಉಪಾಯ! ಮಾರನೆಯ ದಿನ ಗಂಟೆಯ ಸದ್ದು ಹಿತ್ತಲ ಕಡೆಗೆ ಸರಿಯಿತು. ಮುನಿತಾಯಮ್ಮ ಮುದ್ದೆಯ ಕೋಲನ್ನು ಕೈಯಲ್ಲೇ ಹಿಡಿದು ಹಿಂದೆ ಓಡಿದಳು. ಸದ್ದು ಬೇಲಿ ದಾಟಿತು, ಹೊಂಗೆ ಮರದ ಕೆಳಗೆ ಹೋಯಿತು. ಏದುಸಿರು ಬಿಡುತ್ತಾ ಹೋಗಿ ನೋಡಿದರೆ ಅಲ್ಲಿ ಕರು ನಿಂತಿತ್ತು. ಗಂಟೆ ಯಾರದೆಂದು ಅಮ್ಮಯಮ್ಮನಿಗೆ ನೆನಪಿತ್ತು. ನ್ಯಾಯವಾಗಿ ಅದರ ಕೊರಳಿಗೇ ಕಟ್ಟಿ, ತಾನು ಇನ್ನೊಂದು ದಿಕ್ಕಿಗೆ ಹೊರಟುಹೋಗಿದ್ದಳು.

"ಮರೆವು ಯಾರಿಗೆ ಬಂದಿದೆ ಅಂತ ಒಂದು ಗಳಿಗೆ ಗೊತ್ತಾಗ್ಲಿಲ್ಲ" ಎಂದು ಮುನಿತಾಯಮ್ಮ ಬಾವಿಕಟ್ಟೆಯಲ್ಲಿ ಹೇಳಿದಾಗ ಕೊಡಗಳೆಲ್ಲ ಕೆಳಗಿಳಿದವು, ಹೆಂಗಸರು ನಕ್ಕು ಸುಸ್ತಾದರು.

ಆಮೇಲೆ ಬಂತು ದೊಡ್ಡ ಉಪಾಯ.

ಅಮ್ಮಯಮ್ಮ ಹಿಂದೆ ಆವಲಪ್ಪ ಎಳೆಗೂಸಾಗಿದ್ದಾಗ, ಅವನು ಉಳಿದರೆ ಸಾಕೆಂದು ಬೆಟ್ಟದ ತಿಮ್ಮರಾಯಸ್ವಾಮಿಗೆ ಶನಿವಾರದ ಒಪ್ಪತ್ತು ಹರಸಿಕೊಂಡಿದ್ದಳು. ಆಕೆಯ ಒಪ್ಪತ್ತು ಊರವರ ಒಪ್ಪತ್ತಿನ ಹಾಗಲ್ಲ. ಮಧ್ಯಾಹ್ನ ಒಂದು ಊಟ. ಅಲ್ಲಿಂದ ಮಾರನೆಯ ಬೆಳಿಗ್ಗೆ ಮೈತೊಳೆದು ಕೈಮುಗಿಯುವವರೆಗೆ ಗಂಟಲಿಗೆ ಒಂದು ಹನಿ ನೀರಿಲ್ಲ. ಬೇಸಿಗೆಯಾದರೂ ಅಷ್ಟೇ, ಕಳೆ ಕೀಳುವ ದಿನವಾದರೂ ಅಷ್ಟೇ. ಮಗನ ವಯಸ್ಸು ಮರೆತವಳು, ಗಂಡ ಸತ್ತದ್ದನ್ನು ಮರೆತವಳು, ಒಪ್ಪತ್ತನ್ನು ಮರೆತಿರಲಿಲ್ಲ. ಮರೆತಿದ್ದದ್ದು ಇವತ್ತು ಯಾವ ವಾರ ಎಂಬುದನ್ನು ಮಾತ್ರ.

ಮುನಿತಾಯಮ್ಮ ಅದನ್ನು ಗಮನಿಸಿದಳು. ನೀರು, ಮಜ್ಜಿಗೆ, ಅಂಬಲಿ ಒಳಗೆ ಹೋದರೆ ತಾನೆ ಬಯಲಿಗೆ ಹೋಗುವ ಕೆಲಸ? ಬಯಲಿಗೆ ಹೋದರೆ ತಾನೆ ದಾರಿ ತಪ್ಪುವುದು? ಒಂದು ಮಂಗಳವಾರ ಊಟವಾದ ಮೇಲೆ ಅತ್ತೆ ಚೊಂಬಿಗೆ ಕೈ ಚಾಚಿದಾಗ, ಸೊಸೆ ಸಹಜವಾಗಿ ಎಂಬಂತೆ, "ಅತ್ತೆಮ್ಮ, ಇವತ್ತು ಶನಿವಾರ ಅಲ್ವಾ?" ಎಂದಳು.

ಅಮ್ಮಯಮ್ಮ ಕೈ ಹಿಂದಕ್ಕೆ ತೆಗೆದು ಕೆನ್ನೆ ತಟ್ಟಿಕೊಂಡಳು. "ಅಯ್ಯೋ ನನ್ನಪ್ಪ ತಿಮ್ಮರಾಯ, ತಪ್ಪಾಯ್ತು. ಒಳ್ಳೇದಾಯ್ತು ಕಣೇ ನೀನು ಹೇಳಿದ್ದು."

ಆ ದಿನ ಸಂಜೆ ಅತ್ತೆ ಮನೆ ಬಿಟ್ಟು ಕದಲಲಿಲ್ಲ. ಬುಧವಾರವೂ ಶನಿವಾರವಾಯಿತು. ಗುರುವಾರವೂ ಆಯಿತು. ಅಮ್ಮಯಮ್ಮ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಾ, ಕಾಳು ಹಿತುಕುತ್ತಾ, ಗೋವಿಂದ ಗೋವಿಂದ ಎನ್ನುತ್ತಾ ಇರುತ್ತಿದ್ದಳು. ಮುನಿತಾಯಮ್ಮ ನಿಶ್ಚಿಂತೆಯಿಂದ ಹೊಲಕ್ಕೆ ಹೋಗಿಬಂದಳು. ಪಕ್ಕದ ಮನೆಯ ಪಾಪಮ್ಮ ಗಲ್ಲದ ಮೇಲೆ ಬೆರಳಿಟ್ಟಳು.

"ಎಲ್ಲಿಂದ ಬರುತ್ತೇ ನಿಂಗೆ ಈ ತಲೆ?"

"ದೇವರು ಕೊಟ್ಟಿದ್ದು" ಎಂದಳು ಮುನಿತಾಯಮ್ಮ, ಬಹಳ ವಿನಯದಿಂದ.

ಪಾಪಮ್ಮನ ಮಾವನೂ ಅದೇ ಥರ ದಾರಿ ತಪ್ಪುವವನು. ಉಪಾಯ ಆ ಮನೆಗೂ ಹೋಯಿತು.

ಹೀಗೆ ಅವರೆ ಕಾಲ ಮುಗಿಯುತ್ತಾ ಬಂತು. ಒಂದು ಬೆಳಿಗ್ಗೆ ಅಮ್ಮಯಮ್ಮ ಏಳಲಿಲ್ಲ. ಮೈ ಕೆಂಡದ ಹಾಗೆ ಸುಡುತ್ತಿತ್ತು. ಚಾಪೆ ಒದ್ದೆಯಾಗಿತ್ತು, ಮೂಗಿಗೆ ಬಡಿಯುವ ವಾಸನೆ. ಮುನಿತಾಯಮ್ಮ ಎತ್ತಿ ಕೂರಿಸಲು ಹೋದಾಗ ಅತ್ತೆ ಅವಳ ಕೈಯನ್ನು ಕೊಡವಿದಳು. ಕಣ್ಣರಳಿಸಿ ತಲೆಯಿಂದ ಕಾಲಿನವರೆಗೆ ನೋಡಿದಳು.

"ಯಾರಮ್ಮ ನೀನು? ನಮ್ಮ ಸೊಸೆ ಸೀರೆ ಯಾಕೆ ಉಟ್ಕೊಂಡಿದೀಯಾ?"

"ಅತ್ತೆಮ್ಮ, ನಾನು ಕಣಮ್ಮ, ಮುನಿತಾಯಿ."

"ಬಿಚ್ಚಿಡು ಅದನ್ನ. ಅವಳು ಬಂದ್ಲು ಅಂದ್ರೆ ನಿನ್ನ ಬಿಡಲ್ಲ. ಬಲೇ ಗಟ್ಟಿಗಿತ್ತಿ ಅವಳು."

ಬೇರೆ ಹೊತ್ತಿನಲ್ಲಾಗಿದ್ದರೆ ಮುನಿತಾಯಮ್ಮ ಈ ಮಾತನ್ನು ಬಾವಿಕಟ್ಟೆಗೆ ಒಯ್ಯುತ್ತಿದ್ದಳು. ಈಗ ಬಟ್ಟೆ ಒದ್ದೆ ಮಾಡಿ ಅತ್ತೆಯ ಹಣೆಗಿಟ್ಟಳು. ಅತ್ತೆ ಗೋಡೆಯ ಮೇಲೆ ಓಡಾಡುವ ಇರುವೆಗಳನ್ನು ಹೆಸರು ಹಿಡಿದು ಕರೆಯುತ್ತಿದ್ದಳು, ಅಲ್ಲಿ ಇರುವೆಗಳೇ ಇರಲಿಲ್ಲ. ಮಗನನ್ನು ನೋಡಿ ಅತ್ತಳು, ಕೂಡಲೇ ನಕ್ಕಳು, ಮತ್ತೆ ಕಣ್ಣು ಮುಚ್ಚಿದಳು.

"ವಯಸ್ಸಾಯ್ತು. ಮರೆವು ಜಾಸ್ತಿ ಆಗಿದೆ" ಎಂದ ಆವಲಪ್ಪ.

"ಯಾವ್ದೋ ಗಾಳಿ ಬಡಿದಿದೆ. ಬೇವಿನ ಸೊಪ್ಪಲ್ಲಿ ಇಳಿ ತೆಗೀರಿ" ಎಂದಳು ಪಾಪಮ್ಮ.

ಮುನಿತಾಯಮ್ಮನಿಗೆ ಎರಡೂ ಒಪ್ಪಿಗೆಯಾಗಲಿಲ್ಲ. ನಿನ್ನೆ ಸಂಜೆ ತಾನೆ ಅತ್ತೆ ಮೊರದ ತುಂಬ ಕಾಳು ಹಿತುಕಿದ್ದಳು, "ಸಾರಿಗೆ ತೆಂಗಿನಕಾಯಿ ಜಾಸ್ತಿ ಹಾಕ್ಬೇಡ, ತ್ಯಾಮಗೊಂಡ್ಲಲ್ಲ ಇದು" ಎಂದು ಕುಟುಕಿದ್ದಳು. ಮರೆವು ಇಷ್ಟು ದಿನ ಇಲಿಯ ಹಾಗೆ ಒಂದೊಂದೇ ಕಾಳು ಒಯ್ಯುತ್ತಿತ್ತು. ಈಗ ಯಾರೋ ಕಣಜದ ಬಾಯನ್ನೇ ತೆರೆದುಬಿಟ್ಟ ಹಾಗಾಗಿತ್ತು. ಒಂದೇ ರಾತ್ರಿಗೆ ಹೀಗಾಗುವುದು ವಯಸ್ಸಲ್ಲ ಎಂದು ಅವಳ ಮನಸ್ಸು ಹೇಳಿತು. "ಬಂಡಿ ಕಟ್ಟಿ" ಎಂದಳು ಗಂಡನಿಗೆ. ಆವಲಪ್ಪ ಏನೋ ಹೇಳಲು ಬಾಯಿ ತೆರೆದು, ಹೆಂಡತಿಯ ಮುಖ ನೋಡಿ, ಎತ್ತು ಹೂಡಲು ಹೋದ.

ದೇವನಹಳ್ಳಿಯ ಆಸ್ಪತ್ರೆಯಲ್ಲಿ ಆಗ ಡಾಕ್ಟರ್ ನರಸಿಂಹಯ್ಯನವರು ಇದ್ದರು. ಮಾತು ಕಡಿಮೆ, ಕೈ ಮೃದು. ಅಮ್ಮಯಮ್ಮನ ಹೊಟ್ಟೆಯ ಕೆಳಭಾಗವನ್ನು ಒತ್ತಿದಾಗ ಆಕೆ ಅಮ್ಮಾ ಎಂದು ನರಳಿದಳು. ಡಾಕ್ಟರು ಚಾಪೆಯ ವಾಸನೆ, ಮೂತ್ರದ ಬಣ್ಣ ಎಲ್ಲ ಕೇಳಿದರು.

"ನೀರು ಎಷ್ಟು ಕುಡೀತಾರೆ?"

ಮುನಿತಾಯಮ್ಮನ ಮುಖ ಅಷ್ಟು ದುಃಖದಲ್ಲೂ ಸ್ವಲ್ಪ ಅರಳಿತು. ತಾನು ಮನೆಯನ್ನು ಎಷ್ಟು ಜಾಣತನದಿಂದ ನಡೆಸುತ್ತಿದ್ದೇನೆಂದು ಓದಿದವರೊಬ್ಬರು ಕೇಳಿದ್ದು ಇದೇ ಮೊದಲು.

"ಅದಾ ಸ್ವಾಮಿ? ಮಧ್ಯಾಹ್ನದ ಮೇಲೆ ಒಂದು ಹನಿ ಮುಟ್ಟಲ್ಲ. ಹಂಗೆ ಮಾಡಿಟ್ಟಿದೀನಿ" ಎಂದು ಶುರು ಮಾಡಿ, ಬಯಲು, ಗಂಟೆ, ಕರು, ಶನಿವಾರ ಎಲ್ಲವನ್ನೂ ಒಂದೂ ಬಿಡದೆ ಹೇಳಿದಳು. ಆವಲಪ್ಪ ಮಧ್ಯೆ ಎರಡು ಸಲ ಕೆಮ್ಮಿದ. ಅವಳು ನಿಲ್ಲಿಸಲಿಲ್ಲ.

ಡಾಕ್ಟರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. "ಇದು ಯಾರ ಉಪಾಯ?"

"ನಂದೇ ಸ್ವಾಮಿ."

"ಇನ್ಯಾರಿಗಾದ್ರೂ ಹೇಳಿಕೊಟ್ಟಿದೀಯಾ?"

"ಪಕ್ಕದ್ಮನೆ ಪಾಪಮ್ಮಂಗೆ. ಅವಳ ಮಾವಂಗೂ ಹಿಂಗೇ."

"ಊರಿಗೆ ಹೋಗಿ ಎತ್ತು ಬಿಚ್ಚೋಕೆ ಮುಂಚೆ ಪಾಪಮ್ಮನ ಮನೆಗೆ ಹೋಗು. ಆ ಮುದುಕಪ್ಪಂಗೆ ಒಂದು ಚೊಂಬು ನೀರು ಕುಡಿಸಿ ಆಮೇಲೆ ನಿಮ್ಮನೆ ಬಾಗಿಲು ತೆಗಿ."

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಿಧಾನವಾಗಿ ಹೇಳಿದರು: ಮೈಯೊಳಗಿನ ಕೊಳೆ ನೀರಿನ ಜೊತೆಗೆ ಹೊರಗೆ ಹೋಗಬೇಕು. ನೀರೇ ಇಲ್ಲದೆ ಅದು ಒಳಗೇ ನಿಂತು ಮೂತ್ರದ ಚೀಲದಲ್ಲಿ ಕೀವಾಗಿದೆ. ಅದರಿಂದಲೇ ಜ್ವರ. ಹರೆಯದವರಿಗಾದರೆ ಉರಿ, ನೋವು ಮೊದಲು ಕಾಣುತ್ತದೆ. ಮರೆವು ಇರುವ ಮುದುಕರಿಗೆ ಅದು ಮೊದಲು ತಲೆಗೇ ಹತ್ತುತ್ತದೆ.

"ಹಂಗಾದ್ರೆ ಈ ಮರೆವೆಲ್ಲ ನನ್ನಿಂದ್ಲೇ ಬಂತಾ ಸ್ವಾಮಿ?"

"ಇಲ್ಲಮ್ಮ. ಮರೆವು ಮೊದ್ಲೇ ಇತ್ತು, ಅದು ಅದರ ಪಾಡಿಗೆ ನಡೀತಾ ಇತ್ತು. ಈ ಜ್ವರ ಅದನ್ನ ಹಿಂದಿನಿಂದ ನೂಕಿದೆ. ಜ್ವರ ಇಳಿದ್ರೆ ಒಂದಷ್ಟು ವಾಪಸ್ ಬರ್ತಾರೆ. ಪೂರ್ತಿ ಬರ್ತಾರೆ ಅಂತ ಹೇಳಲಾರೆ. ನಾನು ಕಂಡ ಹಾಗೆ, ಇಂಥ ಒಂದೊಂದು ಜ್ವರಾನೂ ಏನನ್ನಾದ್ರೂ ತಗೊಂಡೇ ಹೋಗುತ್ತೆ. ಯಾಕೆ ಅಂತ ಕೇಳ್ಬೇಡ, ನನಗೂ ಗೊತ್ತಿಲ್ಲ."

ಮುನಿತಾಯಮ್ಮನಿಗೆ ಒಲೆಯ ಮೇಲಿನ ಹಾಲು ಕಣ್ಣಿಗೆ ಕಟ್ಟಿತು. ಉಕ್ಕಿದಾಗ ಪಾತ್ರೆ ಇಳಿಸಿದರೆ ನೊರೆ ತಗ್ಗುತ್ತದೆ, ಹಾಲು ಹಾಲಿನ ಹಾಗೇ ಕಾಣುತ್ತದೆ. ಆದರೆ ಬೂದಿಗೆ ಬಿದ್ದದ್ದು ಪಾತ್ರೆಗೆ ಬರುವುದಿಲ್ಲ. ಎಷ್ಟು ಬೇಗ ಇಳಿಸುತ್ತೇವೋ ಅಷ್ಟು ಉಳಿಯುತ್ತದೆ.

ಯುದ್ಧದ ಸಮಯದಲ್ಲಿ ಹೊಸದಾಗಿ ಬಂದ ಬಿಳಿ ಮಾತ್ರೆಗಳನ್ನು ಡಾಕ್ಟರು ಪೊಟ್ಟಣ ಕಟ್ಟಿಕೊಟ್ಟರು, ಜೊತೆಗೆ ಅಡಿಗೆ ಸೋಡ. "ಇದು ಒಳ್ಳೇ ಮದ್ದು. ಆದ್ರೆ ಒಂದು ಮಾತು. ಪ್ರತಿ ಮಾತ್ರೆ ಹಿಂದೆ ಚೊಂಬಿನ ತುಂಬ ನೀರು ಹೋಗ್ಬೇಕು, ಹಗಲೆಲ್ಲ ಕುಡೀತಾ ಇರ್ಬೇಕು. ನೀರಿಲ್ದೆ ಕೊಟ್ರೆ ಮಾತ್ರೆಯೇ ಒಳಗೆ ಹರಳು ಕಟ್ಟಿ ಇನ್ನೊಂದು ಕಾಯಿಲೆ ತರುತ್ತೆ. ನೀರು ಕುಡಿಸೋದು ಸುಲಭದ ಕೆಲಸ, ಏನಂತೀಯಾ?"

"ಸುಲಭ ಸ್ವಾಮಿ" ಎಂದಳು ಮುನಿತಾಯಮ್ಮ.

ಪಾಪಮ್ಮನ ಮಾವ ನೀರು ಕುಡಿದ. ಎರಡು ಚೊಂಬು ಕುಡಿದು, "ಇವತ್ತು ಒಪ್ಪತ್ತಿಲ್ವಾ?" ಎಂದು ಆಸೆಯಿಂದ ಕೇಳಿದ. ಅವನ ಭಕ್ತಿ ಅಷ್ಟಕ್ಕಷ್ಟೇ, ಬದುಕಿಕೊಂಡ.

ಅಮ್ಮಯಮ್ಮ ಹಾಗಲ್ಲ. ಜ್ವರದಲ್ಲಿ ತುಟಿ ಬಿರಿದಿದ್ದರೂ ಚೊಂಬು ಹತ್ತಿರ ಬಂದ ಕೂಡಲೇ ಬಾಯಿ ಬಿಗಿದಳು. "ಶನಿವಾರ ಕಣಮ್ಮ ಇವತ್ತು. ಯಾವ ಊರಿನೋಳು ನೀನು, ಅಷ್ಟೂ ತಿಳಿಯಲ್ವಾ?"

"ಇವತ್ತು ಸೋಮವಾರ ಅತ್ತೆಮ್ಮ."

"ನಮ್ಮ ಸೊಸೆ ಹೇಳಿದಾಳೆ ಶನಿವಾರ ಅಂತ. ಅವಳು ಸುಳ್ಳು ಹೇಳಲ್ಲ."

ಮುನಿತಾಯಮ್ಮ ಚೊಂಬು ಹಿಡಿದುಕೊಂಡೇ ಗೋಡೆಗೆ ಒರಗಿದಳು. ತನ್ನ ಜೀವಮಾನದಲ್ಲಿ ಇದಕ್ಕಿಂತ ಚೆನ್ನಾಗಿ ಫಲಿಸಿದ ಉಪಾಯ ಇನ್ನೊಂದಿರಲಿಲ್ಲ. ಸೊಸೆಯ ಮುಖ ಹೋಗಿತ್ತು, ಸೊಸೆಯ ಮಾತು ಉಳಿದಿತ್ತು. ಅದೂ ಸುಳ್ಳು ಮಾತು.

ಗದರಿದಳು, ಗೋಗರೆದಳು. ಮಜ್ಜಿಗೆಯೆಂದಳು, ಎಳನೀರೆಂದಳು. ಉಪ್ಪು ತಿಂದವರು ನೀರು ಕುಡಿಯಲೇಬೇಕೆಂಬ ಗಾದೆ ನೆನಪಾಗಿ, ಮಧ್ಯಾಹ್ನದ ಗಂಜಿಯ ಜೊತೆ ಖಾರವಾದ ಉಪ್ಪಿನಕಾಯಿ ನೆಕ್ಕಿಸಿದಳು. ಅಮ್ಮಯಮ್ಮ ಉಪ್ಪಿನಕಾಯಿ ಚಪ್ಪರಿಸಿ, ಕಣ್ಣಲ್ಲಿ ನೀರು ತುಂಬಿಕೊಂಡು, ಗೋವಿಂದ ಎಂದು ಸುಮ್ಮನಾದಳು. ಗಾದೆ ಮಾಡಿದವರು ನಮ್ಮತ್ತೆಯನ್ನು ಕಂಡಿರಲಿಲ್ಲ ಎಂದುಕೊಂಡಳು ಮುನಿತಾಯಮ್ಮ. ಮಾತ್ರೆಯ ಪೊಟ್ಟಣ ಗೂಡಿನಲ್ಲೇ ಉಳಿದಿತ್ತು. ಕೊಟ್ಟರೆ ನೀರಿಲ್ಲ, ಕೊಡದಿದ್ದರೆ ಜ್ವರ ಇಳಿಯುವುದಿಲ್ಲ. ಅತ್ತೆಯ ಕಣ್ಣು ಗಳಿಗೆಗೊಮ್ಮೆ ಎಲ್ಲೋ ದೂರ ಹೋಗುತ್ತಿತ್ತು. ಹಾಲಿನ ಪಾತ್ರೆ ಇನ್ನೂ ಉರಿಯ ಮೇಲೇ ಇತ್ತು.

ಆಗ ಅವಳು ಶಂಖ ಜಾಗಟೆ ಹಿಡಿದು ತಿಮ್ಮರಾಯನ ಸೇವೆ ಮಾಡುವ ಊರಿನ ದಾಸಪ್ಪ, ಆದಿನಾರಾಯಣಪ್ಪನ ಮನೆಗೆ ಓಡಿದಳು. ಅಂಗಳದಲ್ಲಿ ನಿಂತು ನಡೆದದ್ದನ್ನೆಲ್ಲ ಹೇಳಿದಳು. ಈ ಸಲ ಮುಖ ಅರಳಲಿಲ್ಲ.

ದಾಸಪ್ಪ ನಾಮದ ಪೆಟ್ಟಿಗೆ ಮುಚ್ಚಿ ಅವಳನ್ನೇ ನೋಡಿದ. "ದೇವರ ಹೆಸರು ಹೇಳಿ ಬಾಯಿ ಒಣಗಿಸಿದ್ಯಲ್ಲ ತಾಯಿ. ಇನ್ನು ದೇವರ ಹೆಸರಲ್ಲೇ ನೀರು ಕುಡಿಸ್ಬೇಕು. ಬೇರೆ ಯಾರ ಮಾತೂ ಆಯಮ್ಮ ಕೇಳಲ್ಲ. ನಡಿ."

ಅಮ್ಮಯಮ್ಮನ ಚಾಪೆಯ ಪಕ್ಕ ನಿಂತು ಶಂಖ ಊದಿದ, ಜಾಗಟೆ ಬಾರಿಸಿದ. ಜ್ವರದ ಮಂಪರಿನಲ್ಲಿದ್ದ ಅಮ್ಮಯಮ್ಮ ಕಣ್ಣು ತೆರೆದು ಎದ್ದು ಕೂರಲು ನೋಡಿದಳು. ದಾಸಪ್ಪ ಗಟ್ಟಿಯಾಗಿ, "ಅಮ್ಮಯಮ್ಮ, ಸ್ವಾಮಿ ನಿನ್ನ ಸೇವೆ ಒಪ್ಕೊಂಡ. ಹರಕೆ ತೀರ್ತು. ತಗೋ, ಕುಡಿ" ಎಂದು ತುಳಸಿ ಎಲೆ ಹಾಕಿದ ಚೊಂಬನ್ನು ಮುಂದಿಟ್ಟ. ಅಮ್ಮಯಮ್ಮ ಎರಡು ಕೈಯಲ್ಲಿ ಹಿಡಿದು ಗಟಗಟನೆ ಕುಡಿದಳು. ಉಸಿರು ತೆಗೆದುಕೊಂಡು ಮತ್ತೆ ಕುಡಿದಳು. ಅಷ್ಟು ಬಾಯಾರಿಕೆ ಆ ಹೆಂಗಸಿನ ಒಳಗಿತ್ತು. ಮುನಿತಾಯಮ್ಮ ಅದನ್ನು ನೋಡಲಾರದೆ ಒಲೆಯ ಕಡೆಗೆ ತಿರುಗಿ, ಉರಿಯದ ಒಲೆಯನ್ನು ಊದಿದಳು.

ಮಾತ್ರೆಯೂ ಒಳಗೆ ಹೋಯಿತು. ಎಲ್ಲ ಸರಿಹೋಯಿತು ಅಂದುಕೊಳ್ಳುವಷ್ಟರಲ್ಲಿ ಮುಂದಿನ ಚೊಂಬಿಗೆ ಅಮ್ಮಯಮ್ಮ ತಲೆ ಆಡಿಸಿದಳು. "ಶನಿವಾರ ಕಣಮ್ಮ." ಹರಕೆ ನೆನಪಿತ್ತು, ಹರಕೆ ತೀರಿದ್ದು ನೆನಪಿರಲಿಲ್ಲ.

ದಾಸಪ್ಪನಿಗೂ ಹೊಲ ಮನೆ ಇತ್ತು. ಗಳಿಗೆಗೊಮ್ಮೆ ಬಂದು ಹರಕೆ ತೀರಿಸಲು ಸಾಧ್ಯವೆ? ಹೆಂಗಸರು ಜಾಗಟೆ ಮುಟ್ಟಬಾರದು. ಮುನಿತಾಯಮ್ಮ ಊಟದ ಕಂಚಿನ ತಟ್ಟೆಯನ್ನೂ ಸೌಟನ್ನೂ ಕೈಗೆತ್ತಿಕೊಂಡಳು. ಬಾಗಿಲ ಹಿಂದೆ ನಿಂತು ತಟ್ಟೆ ಬಾರಿಸಿ, ದನಿ ದಪ್ಪಗೆ ಮಾಡಿ, "ಅಮ್ಮಯಮ್ಮ, ಹರಕೆ ತೀರ್ತು, ಗೋವಿಂದಾ!" ಎನ್ನುವಳು. ಒಳಗಿನಿಂದ "ಗೋವಿಂದ" ಎಂಬ ಉತ್ತರ ಬರುವುದು. ತಟ್ಟೆ ಇಟ್ಟು, ಸೆರಗು ಸರಿಮಾಡಿಕೊಂಡು, ಚೊಂಬು ಹಿಡಿದು ಸೊಸೆಯಾಗಿ ಒಳಗೆ ಬರುವಳು.

ಊರಿಗೆ ಹಬ್ಬ. ತಟ್ಟೆಯ ಸದ್ದಾದರೆ, ಇನ್ನು ಸ್ವಲ್ಪ ಹೊತ್ತಿಗೆ ಅತ್ತೆ ಸೊಸೆ ಬೇಲಿಯ ಕಡೆ ಹೋಗುತ್ತಾರೆಂದು ಎಲ್ಲರಿಗೂ ಗೊತ್ತು. ಯಾವ ಓಡಾಟ ತಪ್ಪಿಸಲು ಮುನಿತಾಯಮ್ಮ ಇಷ್ಟೆಲ್ಲ ಮಾಡಿದಳೋ, ಈಗ ಆ ಓಡಾಟಕ್ಕೆ ಅವಳೇ ಕೈ ಹಿಡಿದು ದಿನವಿಡೀ ಜೊತೆ ಹೋಗಬೇಕು. ಬೇಲಿಯಾಚೆಯಿಂದ ಪಾಪಮ್ಮ ಕೂಗುವಳು:

"ಏನೇ, ದಾಸಪ್ಪನ ಪದವಿ ಎಂಗಿದೆ?"

"ದಕ್ಷಿಣೆ ಬರಲ್ಲ, ಅಷ್ಟೇ" ಎನ್ನುವಳು ಮುನಿತಾಯಮ್ಮ.

ಜ್ವರ ಇಳಿಯಿತು. ಮೈಯ ವಾಸನೆ ಹೋಯಿತು. ಇರುವೆಗಳು ಗೋಡೆ ಬಿಟ್ಟು ಹೋದವು. ಆದರೂ ಅತ್ತೆ ಅವಳನ್ನು "ಯಾರಮ್ಮ" ಎಂದೇ ಕೇಳುತ್ತಿದ್ದಳು. ಮುನಿತಾಯಮ್ಮ ಒಂದು ಶನಿವಾರ, ನಿಜವಾದ ಶನಿವಾರ, ಬೆಟ್ಟ ಹತ್ತಿ ತಿಮ್ಮರಾಯನ ಮುಂದೆ ನಿಂತಳು. ಕೇಳಿಕೊಳ್ಳಲು ನಾಚಿಕೆಯಾಗಿ ಗುಡಿಗೆ ಮೂರು ಸುತ್ತು ಬಂದಳು. ಕೊನೆಗೆ, "ಸ್ವಾಮಿ, ನನ್ನ ತಲೆಯಿಂದ ಸ್ವಲ್ಪ ತಗೊಂಡು ಅತ್ತೆಗೆ ಕೊಡು. ಎಂಗೂ ನನಗೆ ಹೆಚ್ಚಾಗಿದೆ" ಎಂದು ಕೈಮುಗಿದು ಇಳಿದಳು.

ಅದಾಗಿ ಕೆಲವು ದಿನಕ್ಕೆ, ಬಿಸಿಲು ಕಾಯುತ್ತಾ ಜಗಲಿಯಲ್ಲಿ ಕೂತಿದ್ದ ಅಮ್ಮಯಮ್ಮ, ಬಾವಿಯಿಂದ ಬರುತ್ತಿದ್ದವಳ ಕಡೆ ತಿರುಗದೆಯೇ, "ಮುನಿತಾಯಿ, ಎರಡೆರಡು ಕೊಡ ಹೊರಬೇಡ ಕಣೇ, ಸೊಂಟ ಬಿದ್ದೋಗುತ್ತೆ" ಎಂದಳು.

ಮುನಿತಾಯಮ್ಮ ಎರಡೂ ಕೊಡ ಇಳಿಸಿದಳೋ ಚೆಲ್ಲಿದಳೋ ಅವಳಿಗೇ ನೆನಪಿಲ್ಲ. ಒದ್ದೆ ನೆಲದ ಮೇಲೆ ಕೂತು ಅತ್ತಳು. "ಬೇಡ ಅಂದ್ರೆ ಅಳೋದು ಯಾಕೆ? ಬೇಕಾದ್ರೆ ಹೊರು" ಎಂದಳು ಅಮ್ಮಯಮ್ಮ.

ಡಾಕ್ಟರು ಹೇಳಿದಂತೆಯೇ ಆಯಿತು. ಬಂದಳು, ಪೂರ್ತಿ ಬರಲಿಲ್ಲ. ಅವರೆಕಾಳನ್ನು ಕೈಗೆ ಕೊಟ್ಟರೆ ಏನು ಮಾಡಬೇಕೆಂದು ಬೆರಳಿಗೆ ತಿಳಿಯಲಿಲ್ಲ. ಸುಮ್ಮನೆ ಹಿಡಿದು ಕೂರುತ್ತಿದ್ದಳು. ಆವಲಪ್ಪನನ್ನು ಒಮ್ಮೊಮ್ಮೆ ತನ್ನ ಅಣ್ಣನೆಂದು ಕರೆಯತೊಡಗಿದಳು. ಆವಲಪ್ಪನಿಗೆ ಅದರಿಂದ ಬೇಜಾರೇನೂ ಆಗಲಿಲ್ಲ. "ಬೈಯೋದು ಕಡಿಮೆ ಆಯ್ತು" ಎಂದ.

ಅಲ್ಲಿಂದ ಮುನಿತಾಯಮ್ಮ ಅತ್ತೆಯನ್ನು ಕಾದದ್ದು ಕಾವು ಕೂತ ಕೋಳಿಯ ಹಾಗೆ. ದಿನಾ ಕಾಲು ತೊಳೆದು ಬೆರಳ ಸಂದಿಯಲ್ಲಿ ಮುಳ್ಳು, ಹುಣ್ಣು ಹುಡುಕುವಳು. ಹಣೆ ಮುಟ್ಟಿ ನೋಡುವಳು. ನೆಗಡಿಯಾದವರು ಮೆಟ್ಟಿಲು ಹತ್ತುವಂತಿಲ್ಲ. ಊರಿನ ಹಿರಿಯರೊಬ್ಬರು ಬಾಗಿಲಲ್ಲಿ ಒಂದು ಸಲ ಸೀನಿದ್ದಕ್ಕೆ, "ಅಲ್ಲೇ ನಿಂತು ಹೇಳಿ ಅಣ್ಣಾ, ಕೇಳಿಸುತ್ತೆ" ಎಂದುಬಿಟ್ಟಳು. ಮುನಿತಾಯಮ್ಮನಿಗೂ ತಲೆ ಕೆಟ್ಟಿತೆಂದು ಕೆಲವರು ಆಡಿಕೊಂಡರು. ಅದನ್ನು ಕೇಳಿ, ಕೆಡಲು ಈಗಲಾದರೂ ಶುರುವಾಯಿತಲ್ಲ, ಇಷ್ಟು ದಿನ ಸರಿಯಾಗಿದ್ದುದರಿಂದಲೇ ಅನರ್ಥವಾದದ್ದು ಎಂದುಕೊಂಡಳು.

ಆದರೂ ಮುಂದಿನ ಮಾಗಿಯ ಚಳಿಯಲ್ಲಿ ಕೆಮ್ಮು ಬಂತು. ಎಲ್ಲಿಂದ ಬಂತೋ, ಯಾವ ಸಂದಿಯಲ್ಲಿ ನುಗ್ಗಿತೋ. ಮೊದಲ ದಿನವೇ ಬಂಡಿ ಕಟ್ಟಿಸಿದಳು. ಡಾಕ್ಟರ ಮದ್ದೂ ಆಯಿತು, ತಟ್ಟೆಯ ಗೋವಿಂದವೂ ಆಯಿತು. ಕೆಮ್ಮು ನಿಂತಿತು, ಊಟ ಸೇರಿತು, ಮುಖಕ್ಕೆ ಕಳೆಯೂ ಬಂತು.

ಮುನಿತಾಯಮ್ಮ ಕಾದಳು. ಬೇಕೆಂದೇ ಎರಡು ಕೊಡ ಹೊತ್ತು, ಬೇಕೆಂದೇ ಸೊಂಟ ಬಗ್ಗಿಸಿ, ಕೇಳಿಸುವಂತೆ ನರಳುತ್ತಾ ಜಗಲಿಯ ಮುಂದೆ ಹಾದುಹೋದಳು. ಮನೆಯಲ್ಲಿ ಹಂಡೆ ತುಂಬಿತು, ಬಾನಿ ತುಂಬಿತು, ಹಸುವಿಗೆ ಎರಡು ಸಲ ಮೈತೊಳೆದದ್ದಾಯಿತು. ಅಮ್ಮಯಮ್ಮ ಅವಳನ್ನು ಕರುಣೆಯಿಂದ ನೋಡಿ, "ಪಾಪ, ಯಾರ ಮನೆಗೆ ದುಡಿಯೋಳೋ" ಎಂದಳು.

ಆಮೇಲೆ ಮುನಿತಾಯಮ್ಮ ಒಂದೇ ಕೊಡ ಹೊರತೊಡಗಿದಳು.

ಆ ವರ್ಷದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ, ಅವಳು ಅತ್ತೆಯ ಪಕ್ಕದಲ್ಲಿ ಕೂತು ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಅಮ್ಮಯಮ್ಮ ಕಣ್ಣು ಮುಚ್ಚಿ ಸುಖವಾಗಿದ್ದವಳು, ಇದ್ದಕ್ಕಿದ್ದಂತೆ ತಿರುಗಿ ಕೇಳಿದಳು:

"ಅಲ್ಲಮ್ಮ, ನಿಮ್ಮನೇಲಿ ಅತ್ತೆ ಇಲ್ವಾ?"

"ಇದಾರೆ."

"ವಯಸ್ಸಾಗಿದ್ಯಾ?"

"ಆಗಿದೆ. ಮರೆವು."

"ಥೂ ನಿನ್ನ!" ಅಮ್ಮಯಮ್ಮನಿಗೆ ನಿಜವಾದ ಸಿಟ್ಟು ಬಂತು. "ಮರೆವಿನ ಮುದುಕೀನ ಒಬ್ಬಳನ್ನೇ ಬಿಟ್ಟು ಕಂಡೋರ ಮನೇಲಿ ತಲೆಗೆ ಎಣ್ಣೆ ಹಚ್ತಾ ಕೂತಿದೀಯಾ? ಎಂಥ ಸೊಸೆಯೇ ನೀನು? ಏಳು ಮೊದ್ಲು. ಹೋಗಿ ನೋಡ್ಕೊಂಡು ಬಾ."

"ಚೆನ್ನಾಗಿದಾರೆ ಬಿಡಿ."

"ಹೋಗ್ತೀಯೋ ಇಲ್ವೋ?"

ಮುನಿತಾಯಮ್ಮ ಎಣ್ಣೆಯ ಬಟ್ಟಲು ಬದಿಗಿಟ್ಟು ಎದ್ದಳು. ಮುಂಬಾಗಿಲಿನಿಂದ ಹೊರಬಿದ್ದಳು. ಉರಿಬಿಸಿಲು. ಪಾಪಮ್ಮ ತನ್ನ ಜಗಲಿಯಿಂದ ಕೇಳಿದಳು:

"ಈ ಬಿಸಿಲಲ್ಲಿ ಎಲ್ಲಿಗೆ ಹೊರಟ್ಯೇ?"

"ನಮ್ಮತ್ತೇನ ನೋಡ್ಕೊಂಡು ಬರೋಕೆ."

"ಒಳಗೇ ಇದಾರಲ್ಲೇ!"

"ಅಲ್ಲಿಗೇ ಹೊರಟಿದೀನಿ."

ಪಾಪಮ್ಮ ಈ ಸಲ ನಗಲಿಲ್ಲ. ಮುನಿತಾಯಮ್ಮ ಗೋಡೆ ಬಳಸಿ, ತಿಪ್ಪೆ ದಾಟಿ, ದನದ ಕೊಟ್ಟಿಗೆಯ ಪಕ್ಕದಿಂದ ಹಿತ್ತಲ ಬಾಗಿಲಿಗೆ ಬಂದಳು. ಚಪ್ಪಲಿಯಿಲ್ಲದ ಕಾಲು ಸುಟ್ಟಿತ್ತು. ಒಳಗೆ ಅಮ್ಮಯಮ್ಮ ಹಚ್ಚಿದ ಎಣ್ಣೆ ಹಣೆಗೆ ಇಳಿಯುತ್ತಿದ್ದರೂ ಒರೆಸಿಕೊಳ್ಳದೆ ಮುಂಬಾಗಿಲನ್ನೇ ನೋಡುತ್ತಾ ಕೂತಿದ್ದಳು. ಹಿಂದಿನಿಂದ ಹೆಜ್ಜೆಯ ಸದ್ದಾದಾಗ ತಿರುಗಿದಳು.

"ಬಂದ್ಯಾ? ನೋಡಿದ್ಯಾ?"

"ನೋಡ್ದೆ."

"ಹೆಂಗವ್ಳೆ?"

ಮುನಿತಾಯಮ್ಮ ಬಗ್ಗಿ, ಸೆರಗಿನಿಂದ ಆ ಹಣೆಯ ಎಣ್ಣೆ ಒರೆಸಿದಳು. ಹಾಗೇ ಅಂಗೈ ಇಟ್ಟು ನೋಡಿದಳು. ತಣ್ಣಗಿತ್ತು.

"ಜ್ವರ ಇಲ್ಲ" ಎಂದಳು.

"ಅಷ್ಟು ದೂರ ನಡೆದು ಬಂದಿದೀಯಾ, ಕೂತ್ಕೋ" ಎಂದು ಅಮ್ಮಯಮ್ಮ ಚಾಪೆಯ ಮೇಲೆ ಒಂದಿಷ್ಟು ಸರಿದು ಜಾಗ ಕೊಟ್ಟಳು.

ಕಾಲು ನಿಜವಾಗಿಯೂ ನೋಯುತ್ತಿತ್ತು. ಮುನಿತಾಯಮ್ಮ ಕೂತಳು.